ಎದೆ, ಹೃದಯ, ಗುಂಡಿಗೆ: ಕವಿತೆಯಲ್ಲೂ ಕಥೆಯಲ್ಲೂ ಅದು ಮಾಡುವ ಕೆಲಸ

ಪ್ರಶ್ನೆ: ನಾನು ಕನ್ನಡ ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ‘ಸಾಹಿತ್ಯದಲ್ಲಿ ಹೃದಯ’ ಎಂಬ ವಿಷಯದ ಮೇಲೆ ಕಿರುಪ್ರಬಂಧ ಬರೆಯಬೇಕಾಗಿದೆ. ಎಲ್ಲಿ ಹುಡುಕಿದರೂ ಹೃದಯ ಸಿಗುತ್ತದೆ. ಆದರೆ ‘ಹೃದಯ ಭಾವನೆಯ ಸಂಕೇತ’ ಎಂದು ಬರೆದ ಮೇಲೆ ಮುಂದಕ್ಕೆ ಹೋಗಲಾಗುತ್ತಿಲ್ಲ. ಎದೆ, ಹೃದಯ, ಮನ ಎಲ್ಲವನ್ನೂ ಒಂದೇ ಎಂದು ಸೇರಿಸಿಕೊಳ್ಳಬಹುದೇ? ಜೊತೆಗೆ ನಾನು ಸಣ್ಣಕಥೆಗಳನ್ನೂ ಬರೆಯುತ್ತೇನೆ. ದುಃಖದ ಸನ್ನಿವೇಶ ಬಂದಾಗಲೆಲ್ಲ ‘ಅವಳ ಹೃದಯ ಒಡೆದುಹೋಯಿತು’ ಎಂದೇ ಬಂದುಬಿಡುತ್ತದೆ. ಇದರಿಂದ ಪಾರಾಗುವುದು ಹೇಗೆ?

ಉತ್ತರ: ನಿಮ್ಮ ಎರಡು ತೊಡಕುಗಳ ಬೇರು ಒಂದೇ ಕಡೆ ಇದೆ. ಹೃದಯ ಏನನ್ನು ಸೂಚಿಸುತ್ತದೆ ಎಂದು ಕೇಳಿದರೆ ಉತ್ತರ ಪ್ರೀತಿ, ಕರುಣೆ, ಭಾವನೆ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಹನ್ನೆರಡನೆಯ ಶತಮಾನದ ವಚನಕ್ಕೂ ಇಂದಿನ ಸಿನಿಮಾ ಹಾಡಿಗೂ ಅದೇ ಉತ್ತರ ಹೊಂದುತ್ತದೆ, ಹಾಗಾಗಿ ಅದರಿಂದ ಏನೂ ತಿಳಿಯುವುದಿಲ್ಲ. ಪ್ರಶ್ನೆಯನ್ನೇ ಬದಲಿಸಿ. ಈ ಸಾಲಿನಲ್ಲಿ ಹೃದಯ ಏನು ಮಾಡುತ್ತಿದೆ? ಅದಕ್ಕೆ ಯಾರು ಏನು ಮಾಡುತ್ತಿದ್ದಾರೆ? ಅರಳುತ್ತಿದೆಯೇ, ಬಿರಿಯುತ್ತಿದೆಯೇ, ಬಡಿದುಕೊಳ್ಳುತ್ತಿದೆಯೇ? ಯಾರಾದರೂ ಸೀಳುತ್ತಿದ್ದಾರೆಯೇ, ತಿನ್ನುತ್ತಿದ್ದಾರೆಯೇ, ಅಲ್ಲಿ ಮನೆ ಮಾಡಿಕೊಂಡಿದ್ದಾರೆಯೇ? ಹೀಗೆ ಕ್ರಿಯಾಪದವನ್ನು ಹಿಡಿದುಕೊಂಡರೆ ಒಬ್ಬ ಕವಿಯ ಹೃದಯ ಇನ್ನೊಬ್ಬರದಕ್ಕಿಂತ ಎಲ್ಲಿ ಬೇರೆಯಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ನಿಮ್ಮ ಕಥೆಯ ಕಾಯಿಲೆಗೂ ಮದ್ದು ಅದೇ.

ಎದೆ, ಹೃದಯ, ಮನ ಒಂದೇ ಅಲ್ಲ, ಸೇರಿಸಬೇಡಿ. ಏಕೆ ಎಂಬುದಕ್ಕೆ ಅಕ್ಕಮಹಾದೇವಿಯ ಒಂದೇ ವಚನ ಸಾಕು. ಅದನ್ನು ನಿಧಾನವಾಗಿ ಓದೋಣ.

ತನು ಕರಗದವರಲ್ಲಿ ಪುಷ್ಪವನೊಲ್ಲೆಯಯ್ಯಾ ನೀನು,
ಮನ ಕರಗದವರಲ್ಲಿ ಗಂಧಾಕ್ಷತೆಯನೊಲ್ಲೆಯಯ್ಯಾ ನೀನು

ಎಂದು ಅದು ಶುರುವಾಗುತ್ತದೆ. ಮುಂದೆ ಅರಿವು ಕಣ್ದೆರೆಯದವರಲ್ಲಿ ಆರತಿ ಬೇಡ, ಭಾವ ಶುದ್ಧವಿಲ್ಲದವರಲ್ಲಿ ಧೂಪ ಬೇಡ, ಪರಿಣಾಮಿಗಳಲ್ಲದವರಲ್ಲಿ ನೈವೇದ್ಯ ಬೇಡ, ತ್ರಿಕರಣ ಶುದ್ಧವಿಲ್ಲದವರಲ್ಲಿ ತಾಂಬೂಲ ಬೇಡ. ಆಮೇಲೆ ಬರುತ್ತದೆ: ‘ಹೃದಯಕಮಲ ಅರಳದವರಲ್ಲಿ ಇರಲೊಲ್ಲೆಯಯ್ಯಾ ನೀನು’. ಕೊನೆಗೆ ಪ್ರಶ್ನೆ: ನನ್ನಲ್ಲಿ ಏನುಂಟೆಂದು ಕರಸ್ಥಲವನ್ನು ಇಂಬುಗೊಂಡೆ, ಹೇಳಾ ಚೆನ್ನಮಲ್ಲಿಕಾರ್ಜುನಯ್ಯಾ.

ಈ ಸಾಲುಗಳ ಲೆಕ್ಕಾಚಾರ ಎಷ್ಟು ಬಿಗಿಯಾಗಿದೆ ನೋಡಿ. ಕರಗುವುದು ತನುವಿನ ಕೆಲಸ, ಮನದ ಕೆಲಸ. ಕಣ್ಣು ತೆರೆಯುವುದು ಅರಿವಿನ ಕೆಲಸ. ಶುದ್ಧವಾಗಿರಬೇಕಾದದ್ದು ಭಾವ. ನಾವು ಇಂದು ‘ಹೃದಯ’ ಎಂದು ಒಟ್ಟಿಗೆ ಕಟ್ಟುವ ಮೂಟೆಯನ್ನು ಅಕ್ಕ ಬಿಚ್ಚಿ ಒಂದೊಂದಕ್ಕೂ ಒಂದೊಂದು ಪೂಜಾದ್ರವ್ಯ ಕೊಟ್ಟಿದ್ದಾಳೆ. ಹೂವು, ಗಂಧ, ಆರತಿ, ಧೂಪ, ನೈವೇದ್ಯ, ತಾಂಬೂಲ ಎಂಬ ಉಪಚಾರಗಳ ಸಾಲು ಮುಗಿದ ಮೇಲೆ ಹೃದಯದ ಸರದಿ. ಅದಕ್ಕೆ ಯಾವ ದ್ರವ್ಯವೂ ಇಲ್ಲ. ಅದು ಇರುವ ಜಾಗ. ‘ಒಲ್ಲೆ’ ಎಂಬ ಕ್ರಿಯಾಪದ ಅಲ್ಲಿಗೆ ಬಂದಾಗ ‘ಇರಲೊಲ್ಲೆ’ ಆಗುತ್ತದೆ. ಇಲ್ಲಿ ಹೃದಯಕ್ಕೆ ನೋವೂ ಇಲ್ಲ, ಮಿಡಿತವೂ ಇಲ್ಲ. ಅದು ಅರಳಬೇಕು, ಒಳಗೆ ಒಬ್ಬನಿಗೆ ಎಡೆ ಕೊಡಬೇಕು, ಅಷ್ಟೆ.

ಈ ಕಮಲ ಅಕ್ಕನಿಗಿಂತ ಬಹಳ ಹಿಂದಿನದು. ಛಾಂದೋಗ್ಯ ಉಪನಿಷತ್ತಿನ ಎಂಟನೆಯ ಅಧ್ಯಾಯ ದೇಹವನ್ನು ಬ್ರಹ್ಮಪುರ ಎಂದು ಕರೆದು, ಅದರೊಳಗೆ ‘ದಹರಂ ಪುಂಡರೀಕಂ ವೇಶ್ಮ’ ಇದೆ ಎನ್ನುತ್ತದೆ. ವೇಶ್ಮ ಎಂದರೆ ಮನೆ. ಪುಟ್ಟ ತಾವರೆಯಂಥ ಮನೆ, ಅದರೊಳಗೆ ಸಣ್ಣದೊಂದು ಆಕಾಶ. ಇನ್ನೊಂದು ಕಡೆ ವೈದ್ಯರೂ ಅದೇ ಹೂವನ್ನು ಹೇಳುತ್ತಾರೆ: ಹೃದಯ ಕೆಳಮುಖವಾದ ತಾವರೆಯಂತಿದೆ, ಎಚ್ಚರವಿದ್ದಾಗ ಅರಳುತ್ತದೆ, ನಿದ್ದೆಯಲ್ಲಿ ಮುಚ್ಚುತ್ತದೆ ಎನ್ನುತ್ತದೆ ಸುಶ್ರುತ ಸಂಹಿತೆಯ ಶಾರೀರಸ್ಥಾನ. ಅಂದಮೇಲೆ ‘ಹೃದಯಕಮಲ ಅರಳದವರು’ ಎಂಬ ಮಾತನ್ನು ಪ್ರೀತಿಯಿಲ್ಲದವರು ಎಂದು ಓದಿದರೆ ತಪ್ಪುತ್ತದೆ. ಎಚ್ಚರಗೊಳ್ಳದವರು ಎಂಬ ಅರ್ಥ ಅದರ ಬೆನ್ನಿಗೇ ಇದೆ. ಕೊನೆಯ ಸಾಲಿನ ತಿರುವನ್ನೂ ಬಿಡಬೇಡಿ. ಹೃದಯ ಅರಳದವರಲ್ಲಿ ಇರದವನು ನನ್ನ ಅಂಗೈಯಲ್ಲಿ ಹೇಗೆ ಬಂದು ಕೂತ ಎಂದು ಅಕ್ಕ ಕೇಳುತ್ತಾಳೆ. ಎದೆಯ ಒಳಗಿನಿಂದ ಕೈಯ ಮೇಲಕ್ಕೆ, ಇಷ್ಟಲಿಂಗದ ಜಾಗಕ್ಕೆ ವಚನ ಜಿಗಿಯುತ್ತದೆ. ಹೃದಯವನ್ನು ಕುರಿತ ಕನ್ನಡದ ಅತ್ಯುತ್ತಮ ಸಾಲುಗಳಲ್ಲಿ ಇದನ್ನು ಮೊದಲಿಗೆ ಇಡುತ್ತೇನೆ, ಏಕೆಂದರೆ ಇಲ್ಲಿ ಹೃದಯವೇ ಕೊನೆಯ ಮಾತಲ್ಲ.

ಪಕ್ಕದಲ್ಲೇ ಬಸವಣ್ಣನವರ ವೀಣೆಯ ವಚನವನ್ನಿಡಿ. ಎನ್ನ ಕಾಯವ ದಂಡಿಗೆಯ ಮಾಡಯ್ಯಾ, ಶಿರವ ಸೋರೆಯ ಮಾಡಯ್ಯಾ, ನರವ ತಂತಿಯ ಮಾಡಯ್ಯಾ, ಬೆರಳ ಕಡ್ಡಿಯ ಮಾಡಯ್ಯಾ, ಬತ್ತೀಸ ರಾಗವ ಹಾಡಯ್ಯಾ, ‘ಉರದಲೊತ್ತಿ ಬಾರಿಸು ಕೂಡಲಸಂಗಮದೇವಾ’. ವಾದ್ಯಕ್ಕೆ ಬೇಕಾದ ಒಂದೊಂದು ಭಾಗಕ್ಕೂ ಮೈಯ ಒಂದೊಂದು ಭಾಗ ಸಂದಿದೆ. ಉರ ಮಾತ್ರ ವಾದ್ಯವಾಗಿಲ್ಲ. ಈ ಉರ ಯಾರದು? ನನ್ನ ಓದಿನಲ್ಲಿ ಅದು ಬಾರಿಸುವವನದು. ವೀಣೆಯನ್ನು ಎದೆಗೆ ಒತ್ತಿಕೊಂಡು ನುಡಿಸುವ ಭಂಗಿ ಅಲ್ಲಿದೆ, ಭಕ್ತನ ಮೈ ದೇವರ ಎದೆಗೆ ತಾಗಿದೆ. ಭಕ್ತನದೇ ಉರ ಎಂದು ಓದುವವರೂ ಇದ್ದಾರೆ. ಪ್ರಬಂಧದಲ್ಲಿ ಎರಡನ್ನೂ ಇಟ್ಟು ನಿಮ್ಮ ಆಯ್ಕೆಗೆ ಕಾರಣ ಕೊಡಿ. ‘ಉಳ್ಳವರು ಶಿವಾಲಯವ ಮಾಡುವರು’ ವಚನದಲ್ಲೂ ಕಾಲು ಕಂಬ, ದೇಹ ದೇಗುಲ, ಶಿರ ಹೊನ್ನಕಳಸ. ಗರ್ಭಗುಡಿಯ ಜಾಗದಲ್ಲಿ ಹೃದಯವನ್ನು ಹೆಸರಿಸಿ ಕೂರಿಸುವುದು ಯಾವ ಸಾಮಾನ್ಯ ಕವಿಗಾದರೂ ಹೊಳೆಯುತ್ತಿತ್ತು. ಬಸವಣ್ಣ ಅದನ್ನು ಹೇಳದೆ ಬಿಟ್ಟಿದ್ದಾರೆ. ಹೃದಯ ಬರಬೇಕಾದಲ್ಲಿ ಬಾರದೆ ಇರುವುದೂ ನಿಮ್ಮ ಟಿಪ್ಪಣಿಗೆ ಸೇರಬೇಕಾದ ಸಂಗತಿ.

ಇನ್ನು ಗುಂಡಿಗೆ. ಗೋವಿನ ಹಾಡು ನಿಮಗೆ ಬಾಯಿಪಾಠ ಇರಬಹುದು. ‘ಖಂಡವಿದೆಕೋ ಮಾಂಸವಿದೆಕೋ ಗುಂಡಿಗೆಯ ಬಿಸಿರಕ್ತವಿದೆಕೋ’. ಇಲ್ಲಿ ಹೃದಯ ಮಾಂಸದ ಮುದ್ದೆ, ಬಿಸಿಯಾಗಿದೆ, ತಿನ್ನಲು ಬರುತ್ತದೆ. ಪುಣ್ಯಕೋಟಿ ಕರುಣೆ ತೋರು ಎಂದು ಕೇಳುವುದಿಲ್ಲ, ಊಟದ ಪದಾರ್ಥಗಳನ್ನು ಒಂದೊಂದಾಗಿ ಎಣಿಸಿ ಬಡಿಸುತ್ತಾಳೆ. ಹುಲಿಯ ಕಡೆಯಿಂದ ಬರುವುದು ‘ಕಣ್ಣನೀರನು ಸುರಿಸಿ ನೊಂದು’. ಹುಲಿಯ ಹೃದಯ ಕರಗಿತು ಎಂದು ಹಾಡುಗಾರ ಹೇಳಲೇ ಇಲ್ಲ. ಹಸುವಿನ ಬಾಯಲ್ಲಿ ಗುಂಡಿಗೆ, ಹುಲಿಯ ಕಣ್ಣಲ್ಲಿ ನೀರು. ನಡುವೆ ಆದದ್ದನ್ನು ಕೇಳುಗನೇ ತುಂಬಿಕೊಳ್ಳುತ್ತಾನೆ. ಅದಕ್ಕೇ ಈ ಹಾಡು ತಲೆಮಾರುಗಳಿಂದ ಮಕ್ಕಳನ್ನು ಅಳಿಸುತ್ತಿದೆ.

ಎದೆ ನಮ್ಮ ಆಡುಮಾತಿನಲ್ಲಿ ಹೆಚ್ಚಾಗಿ ಧೈರ್ಯದ್ದು, ಭಯದ್ದು. ಎದೆಗಾರಿಕೆ, ಎದೆ ಝಲ್ಲೆನ್ನುವುದು, ಎದೆ ಧಸಕ್ಕೆನ್ನುವುದು, ಎದೆಯೊಡೆದು ಸಾಯುವುದು. ಮಕ್ಕಳ ಮೇಲಿನ ಮರುಕ ಕರುಳಿನದು: ಹೆತ್ತ ಕರುಳು, ಕರುಳು ಚುರುಕ್ಕೆಂದಿತು. ಹೊಟ್ಟೆಕಿಚ್ಚು ಹೊಟ್ಟೆಯದು. ಫ್ರೆಂಚ್ ಕವಿ ಜಾನ್ ರಿಶ್‌ಪೆಯ ಒಂದು ಹಾಡಿನ ಕಥೆ ನೀವು ಎಲ್ಲೋ ಕೇಳಿರುತ್ತೀರಿ. ಪ್ರೇಯಸಿಯ ಮಾತಿಗೆ ಮಗ ತಾಯಿಯನ್ನು ಕೊಂದು ಅವಳ ಹೃದಯವನ್ನು ಒಯ್ಯುತ್ತಾನೆ, ದಾರಿಯಲ್ಲಿ ಎಡವುತ್ತಾನೆ, ಬಿದ್ದ ಹೃದಯ ‘ಪೆಟ್ಟಾಯಿತೇ ಮಗನೇ’ ಎಂದು ಕೇಳುತ್ತದೆ. ಇದನ್ನು ಕನ್ನಡದಲ್ಲಿ ಹೇಳುವವರ ಬಾಯಲ್ಲಿ ಕೊನೆಗೆ ‘ಹೆತ್ತ ಕರುಳು’ ಬರದೆ ಇರುವುದು ಅಪರೂಪ. ಪ್ರೀತಿಸುವವರ ‘ಹೃದಯ ಒಡೆಯುವುದು’ ಮಾತ್ರ ಈಚಿನ ಬಳಕೆ. ನಿಮ್ಮ ಕಥೆಯಲ್ಲಿ ಅದು ಸಪ್ಪೆಯಾಗಿ ಕೇಳುವುದಕ್ಕೆ ಇದೂ ಒಂದು ಕಾರಣ.

ಎದೆಯನ್ನು ಸೀಳುವ ಕ್ರಿಯೆಯನ್ನೇ ಒಂದು ಅಧ್ಯಾಯ ಮಾಡಬಹುದು. ಭೀಮ ದುಶ್ಶಾಸನನ ಎದೆ ಬಗಿದು ರಕ್ತ ಕುಡಿಯುತ್ತಾನೆ. ಹನುಮಂತ ತನ್ನ ಎದೆಯನ್ನು ತಾನೇ ಬಗಿದು ಒಳಗಿರುವ ಸೀತಾರಾಮರನ್ನು ತೋರಿಸುತ್ತಾನೆ. ವಾಲ್ಮೀಕಿಯಲ್ಲಿ ಈ ಪ್ರಸಂಗ ಇಲ್ಲ, ನಂತರದ ಭಕ್ತಿ ಪರಂಪರೆಯದು. ಇದನ್ನು ಅಡಿಟಿಪ್ಪಣಿಯಲ್ಲಿ ಹೇಳದಿದ್ದರೆ ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಕ್ರಿಯೆ ಒಂದೇ. ಮೊದಲನೆಯದರಲ್ಲಿ ಶತ್ರುವಿನ ಎದೆ ಒಂದು ಪ್ರತಿಜ್ಞೆ ತೀರಿಸುವ ಪಾತ್ರೆ, ಎರಡನೆಯದರಲ್ಲಿ ಸ್ವಂತ ಎದೆ ಸಾಕ್ಷಿ ಹೇಳುವ ಕಟಕಟೆ.

ಈಗ ಕೆಲಸದ ಕ್ರಮ. ಇಡೀ ಸಾಹಿತ್ಯವನ್ನು ಹಿಡಿಯಲು ಹೋಗಬೇಡಿ. ಮೂರು ಪಠ್ಯ ಸಾಕು: ಒಬ್ಬ ವಚನಕಾರರು, ನವೋದಯದ (ಕುವೆಂಪು, ಬೇಂದ್ರೆ ಕಾಲದ) ಒಂದು ಕವನ ಸಂಕಲನ, ಈಗಿನ ಒಂದು ಕಥಾಸಂಕಲನ. ಒಂದೊಂದರಿಂದ 20 ಪ್ರಯೋಗಗಳಂತೆ 60 ಚೀಟಿ ಮಾಡಿ. ಚೀಟಿಯಲ್ಲಿ ಬರೀ ಪದ ಬರೆದುಕೊಂಡರೆ ಎರಡು ವಾರದ ನಂತರ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. ಹಿಂದಿನ ಎರಡು, ಮುಂದಿನ ಎರಡು ಸಾಲು ಸಮೇತ ಬರೆಯಿರಿ. ಅದರ ಕೆಳಗೆ ಬಳಸಿದ ಪದ, ಅದರ ವಿಭಕ್ತಿ, ಕ್ರಿಯಾಪದ, ಹೃದಯ ಯಾರದು, ಅದರ ಸ್ಥಿತಿ ಯಾರಿಗೆ ಗೊತ್ತಾಗುತ್ತಿದೆ, ಪುಟಸಂಖ್ಯೆ. ವಿಭಕ್ತಿಯನ್ನು ಅಸಡ್ಡೆ ಮಾಡಬೇಡಿ. ‘ಹೃದಯದಲ್ಲಿ’ ಎಂದು ಸಪ್ತಮಿಯಲ್ಲೇ ಹೆಚ್ಚಾಗಿ ಬಂದರೆ ಆ ಕವಿಗೆ ಹೃದಯ ಒಂದು ಜಾಗ. ‘ಹೃದಯವು’ ಎಂದು ಕರ್ತೃವಾಗಿ ಬಂದರೆ ಅದು ಒಂದು ಪಾತ್ರ. ‘ಹೃದಯವನ್ನು’ ಎಂದು ಕರ್ಮವಾಗಿ ಬಂದರೆ ಅದನ್ನು ಯಾರೋ ಏನೋ ಮಾಡುತ್ತಿದ್ದಾರೆ, ಕಥೆ ಅಲ್ಲಿಂದ ಶುರು. ಇನ್ನು ಹೃದಯದ ಸ್ಥಿತಿ ಯಾರಿಗೆ ಗೊತ್ತು ಎಂಬ ಕಾಲಂ ಕಾವ್ಯದಲ್ಲಿ ಎಷ್ಟೋ ಸಲ ಖಾಲಿ ಉಳಿಯುತ್ತದೆ, ಕಥೆಗಳಲ್ಲಿ ತುಂಬ ಮುಖ್ಯವಾಗುತ್ತದೆ.

ವಚನಗಳಿಗೆ ಸರ್ಕಾರ 1993ರಲ್ಲಿ ತಂದ 15 ಸಂಪುಟಗಳ ಸಮಗ್ರ ವಚನ ಸಂಪುಟವೇ ಆಧಾರವಾಗಿರಲಿ. ‘ವಚನ ಸಂಚಯ’ ಜಾಲತಾಣದಲ್ಲಿ ಪದ ಹುಡುಕಬಹುದು, ಅದರಿಂದ ದಿನಗಟ್ಟಲೆ ಸಮಯ ಉಳಿಯುತ್ತದೆ. ಆದರೆ ಉಲ್ಲೇಖಿಸುವ ಮೊದಲು ಪುಸ್ತಕದ ಪಾಠದೊಂದಿಗೆ ಹೋಲಿಸಿ ನೋಡಿ. ಮೊಬೈಲಿನಲ್ಲಿ ಹರಿದಾಡುವ ವಚನಗಳಲ್ಲಿ ಅಂಕಿತ ಬದಲಾಗಿರುತ್ತದೆ, ಸಾಲುಗಳು ಬಿಟ್ಟುಹೋಗಿರುತ್ತವೆ, ಕೆಲವು ವಚನಗಳೇ ಅಲ್ಲ. ಹಳಗನ್ನಡಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನೋಡಿ. ಒಂದೊಂದು ಅರ್ಥಕ್ಕೂ ಕಾವ್ಯದ ಪ್ರಯೋಗ ಕೊಟ್ಟಿದ್ದಾರೆ, ಎಷ್ಟೋ ಚೀಟಿ ಅಲ್ಲೇ ಸಿಗುತ್ತವೆ.

ಹುಡುಕಾಟ ಕೈಕೊಡುವುದು ಹೆಚ್ಚಾಗಿ ಸಂಧಿಯಿಂದ. ‘ಎದೆ’ ಎಂದು ಹುಡುಕಿದರೆ ‘ನನ್ನೆದೆ’, ‘ಎನ್ನೆದೆ’, ‘ತನ್ನೆದೆ’ ಸಿಗುವುದಿಲ್ಲ, ಏಕೆಂದರೆ ಎಕಾರ ಹಿಂದಿನ ಅಕ್ಷರಕ್ಕೆ ಸೇರಿಹೋಗಿದೆ. ಹಾಗೆಂದು ‘ೆದೆ’ ಎಂಬ ತುಣುಕನ್ನು ಹುಡುಕಿದರೆ ‘ಬರೆದೆ’, ‘ನಡೆದೆ’, ‘ತೆರೆದೆ’ ಎಂಬ ಕ್ರಿಯಾಪದಗಳು ರಾಶಿಯಾಗಿ ಬಂದು ಬೀಳುತ್ತವೆ. ‘ನ್ನೆದೆ’ ಎಂದು ಹುಡುಕಿ, ಕೆಲಸ ಹಗುರಾಗುತ್ತದೆ. ಹಳಗನ್ನಡದ ರೂಪ ‘ಎರ್ದೆ’, ಧಾರವಾಡದ ಕಡೆಯ ಕವಿತೆಗಳಲ್ಲಿ ‘ಎದಿ’. ಹೃದಯದ ಬಳಗದಲ್ಲಿ ಹೃತ್ಕಮಲ, ಉರ, ವಕ್ಷ, ಗುಂಡಿಗೆ, ಒಡಲು, ಬಗೆ, ಕರುಳು ಇವನ್ನೆಲ್ಲ ಬೇರೆ ಬೇರೆ ಬಣ್ಣದ ಚೀಟಿಗಳಲ್ಲಿ ಬರೆದುಕೊಳ್ಳಿ. ಒಟ್ಟು ಎಷ್ಟು ಸಲ ಬಂತು ಎಂಬ ಪಟ್ಟಿ ಮಾಡಿ ಅದನ್ನೇ ತೀರ್ಮಾನ ಎಂದುಕೊಳ್ಳುವುದು ಇಂಥ ಪ್ರಬಂಧಗಳಲ್ಲಿ ಕಾಣುವ ದೊಡ್ಡ ದೋಷ. ಒಂದು ಸಂಕಲನದಲ್ಲಿ ಎದೆ 40 ಸಲ ಬಂದು ಒಂದು ಸಲವೂ ಕೆಲಸ ಮಾಡದೆ ಇರಬಹುದು. ಇನ್ನೊಂದರಲ್ಲಿ ಒಂದೇ ಸಲ ಬಂದು ಇಡೀ ಪುಸ್ತಕವನ್ನು ಹೊತ್ತಿರಬಹುದು.

ನವೋದಯದಲ್ಲಿ ಎದೆ ಒಳಗಿನ ಜಾಗವಾಗಿ ಉಳಿಯುವುದಿಲ್ಲ, ಹೊರಕ್ಕೆ ಒಡೆಯುತ್ತದೆ. ‘ಓ ನನ್ನ ಚೇತನ’ದಲ್ಲಿ ಕುವೆಂಪು ‘ಎದೆಯ ಬಿರಿಯೆ ಭಾವದೀಟಿ’ ಎನ್ನುತ್ತಾರೆ. ಭಾವಕ್ಕೆ ಈಟಿಯ ಮೊನೆ ಬಂದಿದೆ, ಅದು ಎದೆಯನ್ನೇ ಬಿರಿಯಿಸಿ ಹೊರಬರುತ್ತಿದೆ. ನೋವಿನ ಚಿತ್ರವನ್ನು ಬಿಡುಗಡೆಗೆ ಬಳಸಿಕೊಂಡ ಈ ಬಗೆ ಅಕ್ಕನ ಅರಳುವ ಕಮಲಕ್ಕೆ ಹತ್ತಿರ, ಆದರೆ ಹೂವಿನ ನಿಧಾನ ಇದರಲ್ಲಿಲ್ಲ. ಜಿ.ಎಸ್. ಶಿವರುದ್ರಪ್ಪನವರ ‘ಎದೆ ತುಂಬಿ ಹಾಡಿದೆನು ಅಂದು ನಾನು, ಮನವಿಟ್ಟು ಕೇಳಿದಿರಿ ಅಲ್ಲಿ ನೀವು’ ಎಂಬ ಸಾಲಿನಲ್ಲಿ ಹಂಚಿಕೆ ಸ್ಪಷ್ಟ: ಹಾಡುವವನಿಗೆ ಎದೆ, ಕೇಳುವವರಿಗೆ ಮನ. ಇದನ್ನು ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದ ಶ್ಲೋಕದೊಂದಿಗೆ ಓದಿ. ಹೃದಯಸಂವಾದಿಯಾದ, ಎಂದರೆ ಹೃದಯಕ್ಕೆ ಒಪ್ಪುವ ಅರ್ಥದಿಂದ ರಸ ಹುಟ್ಟುತ್ತದೆ, ಒಣಕಟ್ಟಿಗೆಯನ್ನು ಬೆಂಕಿ ವ್ಯಾಪಿಸುವಂತೆ ಅದು ಶರೀರವನ್ನು ವ್ಯಾಪಿಸುತ್ತದೆ ಎನ್ನುತ್ತದೆ ಅದು. ಸಂಸ್ಕೃತ ಕಾವ್ಯಮೀಮಾಂಸಕರಾದ ಆನಂದವರ್ಧನ, ಅಭಿನವಗುಪ್ತರ ‘ಸಹೃದಯ’ನಿಗೂ ಇದೇ ನೆಲ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಸಹೃದಯ ಎಂದರೆ ಒಳ್ಳೆಯ ಮನುಷ್ಯ ಎಂದು ಬರೆದುಬಿಡುತ್ತಾರೆ. ಕಾವ್ಯಾಭ್ಯಾಸದಿಂದ ಮನಸ್ಸು ಕನ್ನಡಿಯಂತೆ ತಿಳಿಯಾಗಿ, ವರ್ಣಿತವಾದದ್ದರೊಡನೆ ತನ್ಮಯವಾಗಬಲ್ಲ ಓದುಗ ಎಂಬುದು ಅಭಿನವಗುಪ್ತನ ವಿವರಣೆ. ಒಳ್ಳೆಯತನದ ಪ್ರಶ್ನೆ ಅಲ್ಲಿಲ್ಲ, ಓದಿನ ಪಳಗಿಕೆಯ ಪ್ರಶ್ನೆ ಇದೆ.

ಸಿನಿಮಾ ಹಾಡುಗಳ ಮೇಲೆ ಒಂದು ಪುಟಕ್ಕಿಂತ ಹೆಚ್ಚು ಖರ್ಚು ಮಾಡಬೇಡಿ. ಅಲ್ಲಿ ಹೃದಯ ಹೆಚ್ಚಿನಂಶ ಪ್ರಾಸಕ್ಕೂ ತಾಳಕ್ಕೂ ದುಡಿಯುತ್ತದೆ.

ಬೇರೆ ದೇಶದ ಕಥೆಗಳನ್ನು ತರುವುದಾದರೆ, ಹೃದಯ ವಸ್ತುವಾಗಿಯೇ ಕೈಬದಲಾಗುವ ಕಥೆಗಳನ್ನು ಆರಿಸಿ. ಇಟಲಿಯ ಬೊಕಾಚಿಯೊನ ‘ಡೆಕಮೆರಾನ್’ ಹತ್ತು ದಿನ ಹೇಳಿದ ನೂರು ಕಥೆಗಳ ಪುಸ್ತಕ, ಅದರ ನಾಲ್ಕನೆಯ ದಿನದಲ್ಲಿ ಅಂಥವು ಎರಡಿವೆ. ಮೊದಲ ಕಥೆಯಲ್ಲಿ ರಾಜ ತಾಂಕ್ರೆದಿ ಮಗಳ ಪ್ರಿಯಕರನನ್ನು ಕೊಲ್ಲಿಸಿ ಅವನ ಹೃದಯವನ್ನು ಚಿನ್ನದ ಬಟ್ಟಲಲ್ಲಿಟ್ಟು ಅವಳಿಗೆ ಕಳಿಸುತ್ತಾನೆ. ಅವಳು ಅದರ ಮೇಲೆ ಕಣ್ಣೀರು ಸುರಿಸಿ, ವಿಷ ಬೆರೆಸಿ, ಅದೇ ಬಟ್ಟಲಿಂದ ಕುಡಿಯುತ್ತಾಳೆ. ಒಂಬತ್ತನೆಯ ಕಥೆಯಲ್ಲಿ ಗಂಡ ಪ್ರಿಯಕರನ ಹೃದಯವನ್ನು ಅಡುಗೆಯವನಿಂದ ಬೇಯಿಸಿ ಹೆಂಡತಿಗೆ ಬಡಿಸುತ್ತಾನೆ. ತಿಂದ ಮೇಲೆ ಸತ್ಯ ತಿಳಿಯುತ್ತದೆ, ಅವಳು ಕಿಟಕಿಯಿಂದ ಹಾರುತ್ತಾಳೆ. ಒಬ್ಬಳು ತಿಳಿದು ಕುಡಿದಳು, ಇನ್ನೊಬ್ಬಳು ತಿಳಿಯದೆ ತಿಂದಳು. ಹೃದಯದ ಸ್ಥಿತಿ ಯಾರಿಗೆ ಯಾವಾಗ ಗೊತ್ತಾಯಿತು ಎಂಬ ಆ ಕಾಲಂ ಇಲ್ಲಿ ಎರಡೂ ಕಥೆಗಳ ಕಟ್ಟೋಣವನ್ನೇ ನಿರ್ಧರಿಸಿದೆ. ಪುಣ್ಯಕೋಟಿ ಬದುಕಿದ್ದಾಗಲೇ ತನ್ನ ಗುಂಡಿಗೆಯನ್ನು ತಾನೇ ಬಡಿಸುವುದನ್ನು ಇವುಗಳ ಪಕ್ಕಕ್ಕಿಟ್ಟರೆ ನಿಮಗೆ ಒಳ್ಳೆಯ ಹತ್ತು ಪುಟ ಸಿಗುತ್ತದೆ.

ಜರ್ಮನ್ ಲೇಖಕ ವಿಲ್ಹೆಲ್ಮ್ ಹೌಫ್ 1827ರಲ್ಲಿ ಪ್ರಕಟಿಸಿದ ‘ತಣ್ಣನೆಯ ಹೃದಯ’ದಲ್ಲಿ ಇದ್ದಿಲು ಸುಡುವ ಬಡವ ಪೀಟರ್ ಹಣಕ್ಕಾಗಿ ಹೃದಯ ಮಾರಿ ಕಲ್ಲಿನದೊಂದನ್ನು ಇಟ್ಟುಕೊಳ್ಳುತ್ತಾನೆ. ಕೊಂಡವನ ಮನೆಯ ಕಪಾಟಿನಲ್ಲಿ ಗಾಜಿನ ಜಾಡಿಗಳು, ಒಂದೊಂದರ ಮೇಲೂ ಊರಿನ ದೊಡ್ಡಮನುಷ್ಯರ ಹೆಸರಿನ ಚೀಟಿ. ಆ ಚೀಟಿಗಳೇ ಸಮಾಜವಿಮರ್ಶೆಯ ಕೆಲಸವನ್ನೆಲ್ಲ ಮಾಡಿಬಿಡುತ್ತವೆ. ನಮ್ಮ ಅಜ್ಜಿಕಥೆಗಳ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುವುದೂ, ನಾರ್ವೆಯ ದೈತ್ಯನ ಹೃದಯ ದ್ವೀಪದ ಬಾವಿಯ ಬಾತುಕೋಳಿಯ ಮೊಟ್ಟೆಯಲ್ಲಿರುವುದೂ ಜಾನಪದ ವರ್ಗೀಕರಣದಲ್ಲಿ ಒಂದೇ ಗುಂಪಿನವು. ನಮ್ಮಲ್ಲಿ ಬಚ್ಚಿಡುವುದು ಪ್ರಾಣವನ್ನು, ಅಲ್ಲಿ ಹೃದಯವನ್ನು. ಈ ವ್ಯತ್ಯಾಸವನ್ನು ಗುರುತಿಸಿ ಮುಂದೆ ಹೋಗಿ, ಅದರ ಮೇಲೆ ಸಿದ್ಧಾಂತ ಕಟ್ಟುವಷ್ಟು ಸಾಮಗ್ರಿ ಕಿರುಪ್ರಬಂಧದಲ್ಲಿ ಹಿಡಿಸುವುದಿಲ್ಲ.

ಕಥೆಗಾರ್ತಿಯಾಗಿ ನೀವು ಓದಲೇಬೇಕಾದದ್ದು ಎಡ್ಗರ್ ಅಲನ್ ಪೋ 1843ರಲ್ಲಿ ಪ್ರಕಟಿಸಿದ ‘ದಿ ಟೆಲ್-ಟೇಲ್ ಹಾರ್ಟ್’. ಕೊಲೆಗಾರನೇ ಕಥೆ ಹೇಳುತ್ತಾನೆ. ಕೊಲ್ಲುವ ಮೊದಲು ಕತ್ತಲ ಕೋಣೆಯಲ್ಲಿ ಮುದುಕನ ಎದೆಬಡಿತ ಕೇಳುತ್ತದೆ, ಹತ್ತಿಯಲ್ಲಿ ಸುತ್ತಿದ ಗಡಿಯಾರದ ಸದ್ದಿನಂತೆ. ಹೆಣವನ್ನು ತುಂಡರಿಸಿ ನೆಲದ ಮೂರು ಹಲಗೆಗಳ ಕೆಳಗೆ ಹೂತ ಮೇಲೆ, ಮೂವರು ಪೊಲೀಸರು ಬಂದು ಕೂತಾಗ ಅದೇ ಸದ್ದು ಮತ್ತೆ ಏಳುತ್ತದೆ. ಪೊಲೀಸರಿಗೆ ಏನೂ ಕೇಳುತ್ತಿಲ್ಲ, ಹರಟುತ್ತಿದ್ದಾರೆ. ಅದು ಸತ್ತವನ ಹೃದಯವೋ ಇವನದೇ ಎದೆಬಡಿತವೋ ಎಂದು ಪೋ ಹೇಳುವುದಿಲ್ಲ. ತಂತ್ರ ಎರಡು ಭಾಗದಲ್ಲಿದೆ. ಸದ್ದನ್ನು ಮೊದಲೇ ಒಮ್ಮೆ, ನಂಬುವಂಥ ಸನ್ನಿವೇಶದಲ್ಲಿ ನೆಟ್ಟಿದ್ದಾನೆ, ಹಾಗಾಗಿ ಎರಡನೆಯ ಸಲ ಅಸಾಧ್ಯವಾದದ್ದನ್ನೂ ನಾವು ಒಪ್ಪುತ್ತೇವೆ. ಜೊತೆಗೆ ಪಶ್ಚಾತ್ತಾಪ, ಅಪರಾಧ ಎಂಬ ಪದಗಳಿಗೆ ಜಾಗ ಕೊಡದೆ ಎಲ್ಲವನ್ನೂ ಸದ್ದಿಗೇ ವಹಿಸಿದ್ದಾನೆ. ‘ಅವನ ಅಂತಃಸಾಕ್ಷಿ ಚುಚ್ಚತೊಡಗಿತು’ ಎಂಬ ಒಂದೇ ಸಾಲು ಸೇರಿಸಿದ್ದರೂ ಕಥೆ ಅಲ್ಲಿಗೇ ಸಾಯುತ್ತಿತ್ತು.

ಕನ್ನಡದಲ್ಲಿ ಹೃದಯವನ್ನು ಹೆಸರಿಸದೆಯೇ ಬರೆಯುವುದಕ್ಕೆ ಮಾದರಿ ಕೆ.ಎಸ್. ನರಸಿಂಹಸ್ವಾಮಿ. 1942ರ ‘ಮೈಸೂರು ಮಲ್ಲಿಗೆ’ಯ ‘ರಾಯರು ಬಂದರು ಮಾವನ ಮನೆಗೆ’ ಓದಿ. ದೂರದಿಂದ ಬಂದ ಅಳಿಯನಿಗೆ ಉಪಚಾರವೆಲ್ಲ ನಡೆಯುತ್ತದೆ, ಆದರೆ ‘ಪದುಮಳು ಒಳಗಿಲ್ಲ’. ರಾಯರ ನಿರಾಸೆ, ಕಾತರ, ಮುನಿಸು ಯಾವುದಕ್ಕೂ ಹೃದಯ ಬರುವುದಿಲ್ಲ. ಹಾಸಿಗೆ ಇದೆ, ದಿಂಬಿನ ಮೇಲೆ ಅವಳು ಹಾಕಿದ ಹೂವಿನ ಕಸೂತಿ ಇದೆ, ಬಳೆಗಳ ದನಿ ಮಾತ್ರ ಇಲ್ಲ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ದ ಕೊನೆಯಲ್ಲೂ ಕೂಸನ್ನು ಕಳೆದುಕೊಳ್ಳುವ ತಂದೆ ಹೆಂಡತಿಗೆ ಹೇಳುವುದು ಕಣ್ಣಿನ, ತುಟಿಯ ಮಾತು: ಎವೆಬಡಿಸಿ ಕೆಡವು, ಬಿರಿಗಣ್ಣು ಬ್ಯಾಡ, ತುಟಿಕಚ್ಚಿ ಹಿಡಿಯದಿರು ಬಿಕ್ಕ. ಎದುರಿಗಿರುವವರಿಗೆ ಕಾಣುವ ಅಂಗಗಳಿವು. ಗಂಡ ಹೆಂಡತಿ ಮುಖಾಮುಖಿ ನಿಂತಾಗ ಅವರಿಗೆ ಪರಸ್ಪರ ಕಾಣುವುದು ಹೃದಯವಲ್ಲ.

ಬಾನು ಮುಷ್ತಾಕರ ‘ಎದೆಯ ಹಣತೆ’ ಕಥೆ ಇನ್ನೊಂದು ದಾರಿ ತೋರಿಸುತ್ತದೆ. ಅದರ ಹೆಸರನ್ನೇ ಹೊತ್ತ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕಥೆಗಳ ಸಂಕಲನಕ್ಕೆ 2025ರ ಅಂತರರಾಷ್ಟ್ರೀಯ ಬೂಕರ್ ಬಂದದ್ದು ನಿಮಗೆ ಗೊತ್ತಿದೆ. ಕಥೆಯಲ್ಲಿ ಗಂಡ ಬೇರೊಬ್ಬಳ ಹಿಂದೆ ಹೋದಾಗ ಮೆಹರುನ್ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಅವಳನ್ನು ಹಿಂದಕ್ಕೆ ತಂದು ಬಿಡುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಎಚ್ಚರಗೊಂಡ ಮಗಳು ಸಲ್ಮಾ ಓಡಿಬಂದು ತಡೆಯುತ್ತಾಳೆ. ಶೀರ್ಷಿಕೆಯ ಹಣತೆ ಒಂದು ರೂಪಕ. ಕಥೆಯ ಎಣ್ಣೆ ಮತ್ತು ಬೆಂಕಿ ರೂಪಕವಲ್ಲ, ಅಡುಗೆಮನೆಯಲ್ಲಿ ಸಿಗುವಂಥವು. ಆರಿದ ದೀಪ ಎಂಬ ಸವೆದ ಮಾತನ್ನು ನಿಜವಾದ ಎಣ್ಣೆ ಸುಡುವಷ್ಟು ಹತ್ತಿರಕ್ಕೆ ತಂದು ನಿಲ್ಲಿಸಿದ್ದರಿಂದಲೇ ಅದಕ್ಕೆ ಮತ್ತೆ ಜೀವ ಬಂದಿದೆ. ರೂಪಕವನ್ನು ಬಿಡಲು ಮನಸ್ಸಾಗದಿದ್ದರೆ ಹೀಗೆ ಮಾಡಿ: ಅದರ ಒಂದು ಭಾಗವನ್ನು ಕಥೆಯ ಮನೆಯೊಳಗೆ ನಿಜವಸ್ತುವಾಗಿ ಇಡಿ.

ನಿಮ್ಮ ‘ಅವಳ ಹೃದಯ ಒಡೆದುಹೋಯಿತು’ ಸಾಲನ್ನು ತಿದ್ದುವುದು ಹೀಗೆ. ಮೊದಲು ಅದನ್ನು ಹೊಡೆದುಹಾಕಿ, ಏನೂ ಸೇರಿಸದೆ ಸನ್ನಿವೇಶವನ್ನು ಓದಿ. ಬಹಳ ಸಲ ಏನೂ ಕಡಿಮೆಯಾಗಿರುವುದಿಲ್ಲ, ಕೆಲಸ ಮುಗಿಯಿತು. ಕೊರತೆ ಕಂಡರೆ, ಆ ಪಾತ್ರಕ್ಕೆ ಆದದ್ದು ಭಯವೋ, ಅವಮಾನವೋ, ಮರುಕವೋ, ಹೊಟ್ಟೆಕಿಚ್ಚೋ ಎಂದು ನೀವೇ ತೀರ್ಮಾನಿಸಿ. ಹೃದಯ ಒಡೆಯಿತು ಎಂದು ಬರೆಯುವಾಗ ಬರಹಗಾರರು ಈ ತೀರ್ಮಾನವನ್ನೇ ಮುಂದೂಡುತ್ತಿರುತ್ತಾರೆ. ಆಮೇಲೆ ಪಾತ್ರದ ಕೈಗೆ ಒಂದು ಕೆಲಸ ಕೊಡಿ. ಅಕ್ಕಿ ಆರಿಸುತ್ತಿದ್ದವಳು ಕಲ್ಲನ್ನು ಮೊರದಲ್ಲಿ ಬಿಟ್ಟು ಅಕ್ಕಿಯನ್ನು ಎಸೆಯತೊಡಗಿದರೆ ಓದುಗನಿಗೆ ಬೇರೇನೂ ಬೇಡ.

ದೇಹದ ಹೃದಯವನ್ನೇ ಕಥೆಗೆ ತರುವುದಾದರೆ ವಿವರ ಸರಿಯಾಗಿರಲಿ. ಅದು ಮುಷ್ಟಿಯಷ್ಟು ಗಾತ್ರದ್ದು, ವಯಸ್ಕರಲ್ಲಿ ಸುಮಾರು 250ರಿಂದ 350 ಗ್ರಾಂ, ಎದೆಯ ನಡುವೆ ಸ್ವಲ್ಪ ಎಡಕ್ಕೆ ವಾಲಿದೆ, ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ನಮ್ಮ ಕಥೆಗಳಲ್ಲಿ ಹೃದಯಾಘಾತ ಎಂದರೆ ಗಂಡಸು ಎಡ ಎದೆ ಹಿಡಿದುಕೊಂಡು ತಕ್ಷಣ ಬಿದ್ದು ಸಾಯುವುದು. ನಿಜದಲ್ಲಿ ಅದು ನಿಮಿಷಗಟ್ಟಲೆ, ಗಂಟೆಗಟ್ಟಲೆ ಎಳೆಯಬಹುದು. ದವಡೆಗೆ, ಬೆನ್ನಿಗೆ, ತೋಳಿಗೆ ನೋವು ಹರಡಬಹುದು. ಮುಖ್ಯವಾಗಿ ಹೆಂಗಸರಲ್ಲಿ ಉಸಿರುಕಟ್ಟುವುದು, ವಾಕರಿಕೆ, ವಿಪರೀತ ಸುಸ್ತು ಕಾಣಿಸಿ ಮನೆಯವರು ಗ್ಯಾಸ್ಟ್ರಿಕ್ ಎಂದುಕೊಳ್ಳುವುದುಂಟು. ಆ ತಪ್ಪು ತಿಳಿವಳಿಕೆಯಲ್ಲಿ ಕುಸಿದು ಬೀಳುವ ದೃಶ್ಯಕ್ಕಿಂತ ದೊಡ್ಡ ಕಥೆ ಇದೆ. ತೀವ್ರ ದುಃಖದಿಂದ ಹೃದಯಕ್ಕೆ ಪೆಟ್ಟಾಗುವುದೂ ಕವಿಕಲ್ಪನೆಯಲ್ಲ. 1990ರಲ್ಲಿ ಜಪಾನಿನ ವೈದ್ಯರು ವಿವರಿಸಿದ ‘ತಾಕೊತ್ಸುಬೊ’ ಸ್ಥಿತಿಯಲ್ಲಿ ಎಡ ಹೃತ್ಕುಕ್ಷಿಯ (ಹೃದಯದ ಎಡಭಾಗದ ಕೆಳಗಿನ ಕೋಣೆಯ) ತುದಿ ಉಬ್ಬುತ್ತದೆ. ಅಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರ ಬರುವುದರಿಂದ ಆ ಹೆಸರು. ಇಸಿಜಿ ನೋಡಿದರೆ ಹೃದಯಾಘಾತದಂತೆಯೇ ಇರುತ್ತದೆ, ಆದರೆ ಅದಕ್ಕೆ ಕಾರಣವಾಗುವಂತೆ ರಕ್ತನಾಳ ಕಟ್ಟಿಕೊಂಡಿರುವುದಿಲ್ಲ. ಹೆಚ್ಚಾಗಿ ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಕಾಣುತ್ತದೆ, ಬಹುಪಾಲು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಸಾವಿನ ಬದಲು ಚೇತರಿಕೆ ಎಂಬುದೇ ನಿಮ್ಮ ಕಥೆಯ ಕೊನೆಯನ್ನು ಬೇರೆ ಮಾಡಬಲ್ಲದು.

ಹೃದಯ ಕಸಿ 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮಾಡಿದ್ದು ಮೊದಲು, ಭಾರತದಲ್ಲಿ 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್. ಅಂದಿನಿಂದ ದಾನಿಯ ಪ್ರೀತಿಯೂ ಹೃದಯದ ಜೊತೆ ಬಂದುಬಿಟ್ಟಿತು ಎಂಬ ಕಥೆಗಳು ಹಲವು ಭಾಷೆಗಳಲ್ಲಿ ಬಂದಿವೆ. ದಯವಿಟ್ಟು ಇನ್ನೊಂದು ಬರೆಯಬೇಡಿ, ನಿಜಸಂಗತಿ ಅದಕ್ಕಿಂತ ಬೆರಗಿನದು. ಕಸಿಯಲ್ಲಿ ಹೃದಯಕ್ಕೆ ಹೋಗುವ ನರಗಳು ಕಡಿದುಹೋಗುತ್ತವೆ. ಹಾಗಾಗಿ ಹೊಸ ಹೃದಯ ವಿಶ್ರಾಂತಿಯಲ್ಲೂ ನಿಮಿಷಕ್ಕೆ 90ರಿಂದ 110ರಷ್ಟು ವೇಗದಲ್ಲಿ ಬಡಿಯುತ್ತಿರುತ್ತದೆ, ಆದರೆ ಹಠಾತ್ತನೆ ಬೆದರಿದಾಗ ಕೂಡಲೇ ಜೋರಾಗುವುದಿಲ್ಲ. ರಕ್ತದಲ್ಲಿ ಅಡ್ರಿನಲಿನ್ ಏರಿ ಅಲ್ಲಿಗೆ ತಲುಪಿದ ಮೇಲೆ, ತಡವಾಗಿ, ವೇಗ ಹೆಚ್ಚುತ್ತದೆ. ಬಯಸಿದವರು ಬಾಗಿಲಲ್ಲಿ ಬಂದು ನಿಂತಾಗ ಎದೆ ಸುಮ್ಮನಿದ್ದು, ಅವರು ಒಳಗೆ ಬಂದು ಕೂತು ನೀರು ಕುಡಿದ ಮೇಲೆ ಬಡಿದುಕೊಳ್ಳತೊಡಗುವ ಒಬ್ಬ ಮನುಷ್ಯನನ್ನು ಊಹಿಸಿ. ವರ್ಷಗಳು ಕಳೆದಂತೆ ಕೆಲವರಲ್ಲಿ ನರಗಳು ಅಷ್ಟಿಷ್ಟು ಮತ್ತೆ ಬೆಳೆಯುವುದೂ ಉಂಟು. ಬರೆದ ಮೇಲೆ ಒಬ್ಬ ಹೃದ್ರೋಗ ತಜ್ಞರಿಗೆ ಆ ಪುಟಗಳನ್ನು ತೋರಿಸಿ. ಔಷಧಿಯ ಹೆಸರು, ಆಸ್ಪತ್ರೆಯಲ್ಲಿ ಕಳೆಯುವ ದಿನಗಳು, ಹೊಲಿಗೆಯ ಗುರುತು ಎಲ್ಲಿರುತ್ತದೆ ಎಂಬಲ್ಲೇ ಹೆಚ್ಚು ತಪ್ಪಾಗುವುದು.

ಇನ್ನು ಪ್ರಬಂಧದ ಶೀರ್ಷಿಕೆ. ‘ಸಾಹಿತ್ಯದಲ್ಲಿ ಹೃದಯ’ ಎಂದೇ ಉಳಿದರೆ ಮೌಖಿಕ ಪರೀಕ್ಷೆಯಲ್ಲಿ ಕುಮಾರವ್ಯಾಸ ಏಕಿಲ್ಲ, ದಾಸರು ಏಕಿಲ್ಲ ಎಂಬ ಪ್ರಶ್ನೆಗಳಿಗೇ ಸಮಯ ಹೋಗುತ್ತದೆ. ‘ಅಕ್ಕನ ವಚನಗಳಲ್ಲಿ ಹೃದಯಕಮಲ ಮತ್ತು ಕರಸ್ಥಲ’ ಎಂದೋ, ‘ಗುಂಡಿಗೆಯನ್ನು ಬಡಿಸುವುದು: ಗೋವಿನ ಹಾಡು ಮತ್ತು ಡೆಕಮೆರಾನ್‌ನ ಎರಡು ಕಥೆಗಳು’ ಎಂದೋ ಇಳಿಸಿಕೊಳ್ಳಿ. ಎರಡನೆಯದನ್ನು ಆರಿಸಿದರೆ ಮೇಲೆ ಹೇಳಿದ ಮೂರು ಪಠ್ಯಗಳ ಬದಲು ಈ ಮೂರನ್ನೇ ಇಟ್ಟುಕೊಂಡು, ಪ್ರಯೋಗಗಳನ್ನು ಎಣಿಸುವುದನ್ನು ಬಿಟ್ಟು ಒಂದೊಂದು ಸನ್ನಿವೇಶವನ್ನೂ ಸಾಲುಸಾಲಾಗಿ ಓದಿ. ಶೀರ್ಷಿಕೆ ನೋಂದಣಿಯಾದ ಮೇಲೆ ಬದಲಿಸುವುದು ತಾಪತ್ರಯದ ಕೆಲಸ, ಮಾರ್ಗದರ್ಶಕರ ಹತ್ತಿರ ಈ ವಾರವೇ ಮಾತಾಡಿ.